ಎಡಗೈ ಸಾರಣೆ

ಅವನ ಎಡಗೈ ಬೆರಳುಗಳ ಉಗುರಿನೊಳಗೆ ಯಾವಾಗಲೂ ಒಣಗಿದ ಸಗಣಿ ಇರುತ್ತಿತ್ತು. ಅಂಗೈಯ ಗೆರೆಗಳಲ್ಲಿ ಗರಸಿನ, ದಾರಿಗೆ ಹಾಸುವ ಹರಳುಮಣ್ಣಿನ, ಕೆಂಪು, ಎಷ್ಟು ತೊಳೆದರೂ ಹೋಗದ್ದು. ಊಟಕ್ಕೆ ಮಾತ್ರ ಬಲಗೈ. ಉಳಿದೆಲ್ಲ ಕೆಲಸವೂ ಎಡಗೈಯದೇ. ಹಿಂದಿನಿಂದ ಅವನನ್ನು ರೊಡ್ಡ, ಎಡಚ ಎಂದು ನಗುತ್ತಿದ್ದವರೂ ಎದುರಿಗೆ ಬಂದಾಗ ಗರಸಿನಜ್ಜ ಎನ್ನುತ್ತಿದ್ದರು. ನನಗೂ ಅವನು ಗರಸಿನಜ್ಜನೇ.

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ, ಹೊಲದೊಳಗಿನ ಮನೆಗಳಿಗೆ ಗರಸಿನ ದಾರಿ ಹಾಕುವುದು, ಮಳೆಗೆ ಕಿತ್ತುಹೋದದ್ದನ್ನು ಸರಿಮಾಡುವುದು ಅಜ್ಜನ ಕಸಬು. ಪ್ಲೇಗಿನ ಕಾಲಕ್ಕೆ ಊರು ಬಿಟ್ಟ ನಮ್ಮ ಮುತ್ಯಾ ಚಿಕ್ಕೇರೂರಿನ ಹತ್ತಿರ ಹೊಲದಲ್ಲೇ ಮನೆ ಕಟ್ಟಿಸಿದ್ದರು. ಸುತ್ತಲೂ ಎರೆ ಭೂಮಿ. ಒಂದು ಮಳೆ ಬಿದ್ದರೆ ಸಾಕು, ಚಕ್ಕಡಿಯ ಗಾಲಿ ಅರ್ಧ ಹೂತು ಎತ್ತುಗಳು ಮೊಣಕಾಲೂರುತ್ತಿದ್ದವು.

ಅಜ್ಜ ಮೊದಲು ಎರೆಮಣ್ಣು ತೆಗೆಸಿ ದಪ್ಪ ಕಲ್ಲು ಹಾಸುತ್ತಿದ್ದ. ಮೇಲೆ ಗರಸು ಸುರಿದು, ನೀರು ಹೊಡೆದು, ಬಡಿಸಿ, ನಡುವೆ ಆಮೆಯ ಬೆನ್ನಿನಷ್ಟು ಉಬ್ಬು ಬಿಡುತ್ತಿದ್ದ. ಕಡೆಗೆ ಒಂದು ಕೊಡ ನೀರು ಸುರಿದು ಅದು ಎತ್ತ ಹರಿಯುತ್ತದೆಂದು ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿದ್ದ. ನೀರು ನಡುವೆ ನಿಂತರೆ, "ತಗೀರಿ, ಮತ್ತ ಹಾಕೂಣು" ಎನ್ನುವನು. ಬೈಗುಳವಿಲ್ಲ, ಬೇಸರವಿಲ್ಲ. ಗರಸು ಆರಿಸುವಾಗ ಚಿಟಿಕೆಯಷ್ಟು ಬಾಯಿಗೆ ಹಾಕಿ ಕಡಿದು ನೋಡುತ್ತಿದ್ದ.

"ಅಜ್ಜಾ, ಹಸಿವಾಗಿದ್ರ ರೊಟ್ಟಿ ಕೊಡ್ತಿದ್ನೆಲ್ಲ" ಎಂದು ಬುಟ್ಟಿ ಹೊರುವ ಹೆಣ್ಣುಮಗಳೊಬ್ಬಳು ಕಾಡಿಸುತ್ತಿದ್ದಳು.

"ನಿನ್ನ ರೊಟ್ಟಿಗಿಂತ ಇದ ಮೆತ್ತಗೈತಿ ಬಿಡವಾ."

ಗರಸಿನ ದಿಬ್ಬವನ್ನು ಬುಡದಿಂದ ಅಗೆಯುತ್ತಾರೆ, ಕೆಳಗಿನ ಗರಸೇ ಗಟ್ಟಿಯೆಂದು. ಅಗೆದಂತೆಲ್ಲ ಮೇಲಿನದು ಮಾಡಿನ ಹಾಗೆ ಚಾಚಿ ನಿಲ್ಲುತ್ತದೆ. ದಿಬ್ಬದ ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಜ್ಜ ಸಂಜೆ ಅದರ ಮೇಲೆ ಅಡ್ಡಡ್ಡ ಸಗಣಿ ಸಾರಿಸುತ್ತಿದ್ದ. ಮುಂಜಾನೆ ಆ ಸಾರಣೆ ಬಿರುಕಿನ ಗುಂಟ ಸೀಳಿದ್ದರೆ ದಿಬ್ಬ ಸರಿಯುತ್ತಿದೆ ಎಂದರ್ಥ. ಆವತ್ತು ಯಾರನ್ನೂ ಕೆಳಗೆ ಇಳಿಸುತ್ತಿರಲಿಲ್ಲ. ಮೇಲಿನಿಂದ ಹಾರೆ ಹಾಕಿ ಆ ಭಾಗವನ್ನು ಕೆಡವಿಸುವುದರಲ್ಲಿ ಎರಡು ದಿನ ಹೋಗುತ್ತಿದ್ದವು.

"ಸಾರಿಸಿದ್ದಾತು, ರಂಗೋಲಿ ಯಾವಾಗ ಹಾಕತಿ ಅಜ್ಜಾ?" ಅದೇ ಹೆಣ್ಣುಮಗಳು.

"ಸಂಜೀಕ ನೀ ಹಿಂಗ ನಕ್ಕೋತ ಮನೀಗೆ ಹೋಗು, ಅದ ನನಗ ರಂಗೋಲಿ."

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಬೇಸಿಗೆಯಲ್ಲಿ ನಮ್ಮ ಅಕ್ಕನ ಮದುವೆ ಗೊತ್ತಾಯಿತು. ಶಿಗ್ಗಾಂವಿಯ ಬೀಗರು ಮೋಟಾರಿನಲ್ಲಿ ಬರುವವರು. ನಮ್ಮ ಮನೆಗೆ ಅಜ್ಜ ಹಾಕುತ್ತಿದ್ದ ದಾರಿ ಅರ್ಧ ಆಗಿತ್ತು, ಮದುವೆಗೆ ಉಳಿದದ್ದು ಆರು ದಿನ, ನಡುವೆ ಒಂದು ಅಡ್ಡಮಳೆ ಬೇರೆ ಬಂದು ಹೋಗಿತ್ತು. "ಮೋಟಾರು ಹುಗದು ನಿಂತರ ಬೀಗರಿಗೆ ಹೆಂಗ ಮಾರಿ ತೋರಸಲಿ?" ಎಂದು ಅಪ್ಪ ಮೂರು ಹೊತ್ತೂ ಅದನ್ನೇ ಆಡುತ್ತಿದ್ದರು. ಧಾರವಾಡದ ಕಾಲೇಜಿನಿಂದ ರಜೆಗೆ ಬಂದಿದ್ದ ನನ್ನನ್ನು ಕೆಲಸದ ಮೇಲೆ ನಿಲ್ಲಿಸಿದರು.

ಆ ಮುಂಜಾನೆ, ಮಂದಿ ಬರುವ ಮೊದಲೇ, ಅಜ್ಜ ದಾರಿಯ ಆಚೆ ತುದಿಯಲ್ಲಿ ಒಬ್ಬನೇ ಗರಸು ಬಡಿಯುತ್ತಿದ್ದ. ಅಲ್ಲಿಂದಲೇ ಕೂಗಿ ಹೇಳಿದ: "ಸಣ್ಣ ಗೌಡ್ರ, ಸಾರಣಿ ಹೆಂಗೈತಿ ನೋಡ್ರಿ. ಸರಿ ಇದ್ರ ಮಂದೀನ ಇಳಸ್ರಿ."

ದಿಬ್ಬ ಹತ್ತಿ ನೋಡಿದೆ. ಸಾರಣೆ ಉದ್ದಕ್ಕೂ ಸೀಳಿತ್ತು. ಸೀಳಿನೊಳಗೆ ನನ್ನ ಉಗುರು ಹೊಕ್ಕಿತು.

ಎರಡು ದಿನ ಹೋಗುತ್ತವೆ ಎಂದಷ್ಟೇ ನನಗೆ ಹೊಳೆದದ್ದು. ಬಿಸಿಲಿಗೆ ಒಣಗಿದ್ದು ಒಡೆಯದೆ ಇರುತ್ತದೆಯೇ, ಓದಿದವನು ಇದಕ್ಕೆಲ್ಲ ಹೆದರಬೇಕೇ ಎಂದು ನನಗೆ ನಾನೇ ಹೇಳಿಕೊಂಡೆ. "ಸರಿ ಐತಿ" ಎಂದು ಕೂಗಿದೆ. ಮಂದಿ ಬಂದರು, ಎಂದಿನಂತೆ ಅಜ್ಜನೇ ನೋಡಿದ್ದಾನೆಂದುಕೊಂಡು ಇಳಿದರು. ಅವರು ಇಳಿದ ಮೇಲೆ, ಎತ್ತು ಹಾಕಿದ ಹಸಿ ಸಗಣಿ ತೆಗೆದುಕೊಂಡು ಆ ಸೀಳಿನ ಮೇಲೆ ನಾನೇ ಸಾರಿಸಿದೆ. ಅಜ್ಜ ಬರುವಷ್ಟರಲ್ಲಿ ಒಣಗಿರುತ್ತದೆ ಎಂಬ ಲೆಕ್ಕವೂ ನನ್ನ ತಲೆಯಲ್ಲಿತ್ತು.

ಮಧ್ಯಾಹ್ನ ಅಜ್ಜ ದಿಬ್ಬ ಹತ್ತಿ ಬಂದ. ಸಾರಣೆ ಒಣಗಿತ್ತು. ಬಗ್ಗಿ ನೋಡಿದವನು ಹಾಗೆಯೇ ಒಂದು ಗಳಿಗೆ ನಿಂತ. ಅವನು ಸಾರಿಸಿದರೆ ಬೆರಳಿನ ಗೆರೆಗಳು ಎಡಕ್ಕೆ ಬಾಗುತ್ತಿದ್ದವು. ಇವು ಬಲಕ್ಕೆ ಬಾಗಿದ್ದವು. ನನ್ನ ಕೈ ನೋಡಿದ, ಮುಖ ನೋಡಿದ. ಮರುಕ್ಷಣ ಇಳಿಜಾರಿನಲ್ಲಿ ಓಡುತ್ತಿದ್ದ.

"ಬುಟ್ಟಿ ಬಿಡ್ರಿ! ಹೊರಗ ಬರ್ರಿ, ಹೊರಗ!"

ಎಲ್ಲರೂ ಹೊರಬಿದ್ದರು. ಅಜ್ಜನನ್ನು ಕಾಡಿಸುತ್ತಿದ್ದ ಆ ಹೆಣ್ಣುಮಗಳು ಮಾತ್ರ, ಒಳಗೆ ನೆರಳಿನಲ್ಲಿಟ್ಟಿದ್ದ ಬುತ್ತಿಯ ಗಂಟು ನೆನಪಾಗಿ, ತಿರುಗಿ ಮೂರು ಹೆಜ್ಜೆ ಹೋದಳು. ಆ ಮೂರು ಹೆಜ್ಜೆಗಳನ್ನು ನಾನು ಇವತ್ತಿಗೂ ಎಣಿಸುತ್ತೇನೆ. ಒಮ್ಮೊಮ್ಮೆ ಎಣಿಕೆಯಲ್ಲಿ ನಾಲ್ಕನೆಯದೂ ಬಂದುಬಿಡುತ್ತದೆ, ಮತ್ತೆ ಮೊದಲಿನಿಂದ ಎಣಿಸುತ್ತೇನೆ. ಅಜ್ಜ ಅವಳ ರಟ್ಟೆ ಹಿಡಿದು ಹೊರಗೆ ಎಸೆದ. ಜೋಳದ ಚೀಲ ಕೆಡವಿದಂಥ ಮೆತ್ತಗಿನ ಸದ್ದು, ಅಷ್ಟೇ. ಧೂಳು ಇಳಿದಾಗ ಅಜ್ಜ ಎದೆಯವರೆಗೆ ಗರಸಿನೊಳಗಿದ್ದ. ಎಡಗೈ ಕಾಣುತ್ತಿರಲಿಲ್ಲ.

ಹಾರೆ, ಸಲಿಕೆ ತಾಗೀತೆಂದು ಎಲ್ಲರೂ ಬರಿಗೈಯಿಂದ ಬಗೆದೆವು. ಉಸಿರಿತ್ತು. ಎಡಗೈ ಮೊಣಕೈಯ ಕೆಳಗೆ ಜಜ್ಜಿಹೋಗಿತ್ತು. ಎಲುಬು ಕಟ್ಟುವವನು ಬಂದು ಬಿದಿರಿನ ಸೀಳು ಇಟ್ಟು ಕಟ್ಟಿದ. ಬೆರಳುಗಳು ಮತ್ತೆ ಮಡಚಲಿಲ್ಲ.

ಅಪ್ಪ ಅಜ್ಜನನ್ನು ಸಿಟ್ಟಿನಿಂದ ಕೇಳಿದರು: "ಮುಂಜಾನೆ ಸಾರಣಿ ನೋಡಲಿಲ್ಲೇನ ನೀನು?"

ನಾನು ಅಲ್ಲೇ ಇದ್ದೆ.

"ನೋಡಿದ್ನಿರಿ. ವಯಸ್ಸಾತು, ಕಣ್ಣು ತಪ್ಪೀತ್ರಿ" ಎಂದ ಅಜ್ಜ.

ಎಲ್ಲರೂ ಹೋದ ಮೇಲೆ ಹತ್ತಿರ ಕುಳಿತು, "ಅಜ್ಜಾ, ನಾ..." ಎಂದು ಶುರುಮಾಡಿದೆ. ಅವನು ನನ್ನತ್ತ ನೋಡದೆ ಹೇಳಿದ: "ಬೆರಳು ಬಾಳ ಒತ್ತೀರಿ. ಹಗರಕ ಸಾರಸಬೇಕ್ರಿ." ಮತ್ತೆ, "ಬಿಸಲಿಗೆ ಒಡದೈತಿ ಅಂತ ತಿಳದ್ರಿ, ಹೌದಲ್ಲ? ಅದಕ್ಕ ನಾ ಬೂದಿ ಕಲಸತೇನ್ರಿ. ಬೂದಿ ಕಲಸಿದ್ದು ಬಿಸಲಿಗೆ ಒಡ್ಯಾಂಗಿಲ್ಲ" ಎಂದ.

ಅಷ್ಟೇ. ಆ ಮಾತು ಮತ್ತೆಂದೂ ಎತ್ತಲಿಲ್ಲ.

ದಾರಿ ಮುಗಿಯಿತು. ಮೋಟಾರು ಬಾಗಿಲವರೆಗೆ ಬಂತು. "ನನ್ನ ಮಗ ನಿಂತು ಮಾಡಿಸಿದ್ದು" ಎಂದು ಅಪ್ಪ ಬೀಗರಿಗೆ ಹೇಳಿದರು. ನಾನು ತಲೆ ತಗ್ಗಿಸಿದ್ದನ್ನು ಅವರು ವಿನಯವೆಂದುಕೊಂಡರು.

ಅಜ್ಜನಿಗೆ ಕಣ್ಣು ಹೋಗಿದೆ, ಅವನ ಕೈಕೆಳಗೆ ಇಳಿಯಬೇಡಿ ಎಂಬ ಮಾತು ಊರೂರಿಗೆ ಹಬ್ಬಿತು. ಸುತ್ತಮುತ್ತ ಯಾರೂ ಕರೆಯದಾದರು. ಅವನು ಸವಣೂರಿನ ಕಡೆ ಹೋದ. ಅವನ ಕಣ್ಣು ಚೆನ್ನಾಗಿದೆ ಎಂದು ಹೇಳಬಲ್ಲವನು ನಾನೊಬ್ಬನೇ ಇದ್ದೆ. ಹೇಳಲಿಲ್ಲ.

ಯುದ್ಧ ಮುಗಿದ ವರ್ಷ ಬೇರೆ ಕೆಲಸಕ್ಕೆ ಸವಣೂರಿಗೆ ಹೋದಾಗ ಕೇಳಿಕೊಂಡು ಅವನಿದ್ದ ಗರಸಿನ ದಿಬ್ಬಕ್ಕೆ ಹೋದೆ. ಎಲ್ಲರ ಮುಂದೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಅಜ್ಜ ಜ್ವರದಿಂದ ತೀರಿಕೊಂಡು ಮೂರು ದಿನವಾಗಿತ್ತು. ಕೆಳಗೆ ಅಗೆಯುತ್ತಿದ್ದವರು, "ಮ್ಯಾಲೆ ನೋಡ್ರಿ, ಅಜ್ಜನ ಸಾರಣಿ ಇನ್ನೂ ಗಟ್ಟಿ ಐತಿ, ಅದಕ್ಕ ಇಳದೇವಿ" ಎಂದರು.

ಹತ್ತಿ ನೋಡಿದೆ. ಬಿರುಕಿನ ಮೇಲೆ ಬೂದಿಬಣ್ಣದ ಸಾರಣೆ, ಎಲ್ಲೂ ಸೀಳಿಲ್ಲ. ಎಡಗೈ ಕಳೆದುಕೊಂಡವನು ಬಲಗೈಯಿಂದ ಸಾರಿಸಿದ್ದ. ಗೆರೆಗಳು ಬಲಕ್ಕೆ ಬಾಗಿದ್ದವು, ನನ್ನವು ಬಾಗಿದ್ದ ಹಾಗೆಯೇ.