ನಾನು ತುಳಿದ ಕಾಲು

ಊಟಕ್ಕೆ ಕೂತಾಗ ಗೊತ್ತಾಯಿತು.

ಹೋದ ವರ್ಷ ರಜೆಗೆ ಬಂದಿದ್ದ ನನ್ನ ಮಗ ತಿಪ್ಪೇಶ ಚಕ್ಕಳಮಕ್ಕಳ ಹಾಕೋಕೆ ಹೋದ. ಆಗಲಿಲ್ಲ. ಎಡಗಾಲು ಚಾಚಿಕೊಂಡೇ ಮುದ್ದೆ ಮುರಿದ.

"ಏನ್ಲಾ ಅದು, ಕಾಲು ನೀಡ್ಕಂಡು ಉಣ್ತೀಯ?" ಅಂದೆ.

"ತೊಡೆಸಂದೀಲಿ ಹಿಡ್ಕಂಡದೆ ಕಣವ್ವ. ಉಳುಕಿರ್ಬೇಕು."

ಅವನು ಮಿಲಿಟರಿಯವನು. ಲಡಾಖ್‌ಗೆ ಹಾಕಿದ್ದರು. ಅಲ್ಲಿ ಚಳಿಗಾಲಕ್ಕೆ ಕೆರೆ ಕಲ್ಲಿನ ಹಂಗೆ ಗಟ್ಟಿಯಾಗುತ್ತದಂತೆ. ಅದರ ಮೇಲೆ ಅಲಗು ಇರುವ ಬೂಟು ತೊಟ್ಟು ಐಸ್ ಹಾಕಿ ಅನ್ನೋ ಆಟ ಆಡುತ್ತಾರೆ. ಇವನು ಗೋಲ್ ಕೀಪರ್. ಕಲಿತ ಎರಡನೇ ವರ್ಷಕ್ಕೇ ಮಿಲಿಟರಿ ಟೀಮಿಗೆ ತೆಗೆದುಕೊಂಡರು. ಮಧುಗಿರಿ ಬಿಸಿಲಲ್ಲಿ ಹುಟ್ಟಿದವನಿಗೆ ಈ ಆಟ ಹೆಂಗೆ ಬಂತು ಅಂತ ಜನ ಕೇಳುತ್ತಾರೆ. ನನಗೆ ಗೊತ್ತು. ಅವನು ಮಿಲಿಟರಿ ಸೇರೋಕೆ ಮುಂಚೆ ಕೊರಟಗೆರೆ ಕಡೆ ಕಟ್ಟಡದ ಕೆಲಸಕ್ಕೆ ಇಬ್ಬರೂ ಹೋಗುತ್ತಿದ್ದೆವು. ಕೆಳಗಿಂದ ನಾನು ಇಟ್ಟಿಗೆ ಎಸೆಯುತ್ತಿದ್ದೆ, ಮೇಲೆ ನಿಂತು ಅವನು ಹಿಡಿಯುತ್ತಿದ್ದ. ನನ್ನ ಕೈ ನೋಡಬೇಡ, ಇಟ್ಟಿಗೆ ನೋಡು ಅಂತ ಹೇಳಿಕೊಟ್ಟವಳು ನಾನೇ.

ಆ ರಜೆ ಮುಗಿದ ಮೇಲೆ ಇಂಡಿಯಾ ಟೀಮಿನ ಕ್ಯಾಂಪು. ಅಲ್ಲಿ ಆಯ್ಕೆಯಾದರೆ ನನ್ನನ್ನೂ ಆಟ ನೋಡೋಕೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದ. ನಾನು ಅವನ ಆಟ ಒಂದು ಸಲವೂ ನೋಡಿದವಳಲ್ಲ. ಫೋನಿನಲ್ಲಿ ಫೋಟೋ ತೋರಿಸಿದ್ದ, ಮುಖಕ್ಕೆ ಜಾಲರಿ, ಮೈಗೆ ಹಾಸಿಗೆ ಸುತ್ತಿಕೊಂಡ ಹಂಗೆ. ಅದರೊಳಗೆ ಯಾರ ಮಗ ಇದ್ದಾನೋ ತಿಳಿಯೋದಿಲ್ಲ. ಕಣ್ಣಾರೆ ನೋಡಬೇಕು ಅಂತ ಸಿರಾ ಸಂತೆಯಲ್ಲಿ ಒಂದು ಸ್ವೆಟರ್ ಕೊಂಡಿಟ್ಟಿದ್ದೆ.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ತುಳಿದರೆ ಉಳುಕು ಬಿಡುತ್ತದೆ ಅಂತ ನಮ್ಮ ಕಡೆ ನಂಬಿಕೆ. ಗೌಡಗೆರೆಯಿಂದಲೂ ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಊರವರ ಸೊಂಟವೆಲ್ಲ ತುಳಿದವಳು ಮಗನನ್ನು ಬಿಡುತ್ತೇನೆಯೇ? ಮೂರು ದಿನ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಅವನನ್ನು ಬೋರಲು ಮಲಗಿಸಿ, ಹರಳೆಣ್ಣೆ ಸವರಿ ತುಳಿದೆ.

"ಹೆಂಗದೆ?"

"ಕಮ್ಮಿ ಆಯ್ತು ಕಣವ್ವ."

ಸುಳ್ಳು. ಮಾರನೇ ದಿನವೇ ಅವನು ಹೊಸಿಲು ದಾಟುವಾಗ ಎಡಗಾಲನ್ನು ಕೈಯಲ್ಲಿ ಎತ್ತಿ ಆಚೆ ಇಟ್ಟದ್ದನ್ನು ನೋಡಿದೆ. ನೋಡಿಯೂ ಸುಮ್ಮನಾದೆ. ಡಾಕ್ಟರಿಗೆ ತೋರಿಸಿದರೆ ಕ್ಯಾಂಪಿನಿಂದ ತೆಗೆದುಬಿಡುತ್ತಾರೆ ಅಂತ ಅವನಿಗೆ ಹೆದರಿಕೆ, ನನ್ನ ಕಾಲಿನ ಮೇಲೆ ನನಗೆ ಗರ್ವ. ಇಬ್ಬರೂ ಸೇರಿ ಅದನ್ನು ಉಳುಕು ಅಂತಲೇ ಇಟ್ಟುಕೊಂಡೆವು.

ಕ್ಯಾಂಪಿನಲ್ಲಿ ಚೆಂಡಿಗೆ ಅಂತ ಕೆಳಗೆ ಬಿದ್ದವನು ಏಳಲಿಲ್ಲ.

ಅದು ಚೆಂಡಲ್ಲ, ಬಿಲ್ಲೆ ಅಂತ ಆಮೇಲೆ ಹೇಳಿದ. ಏನಾದರೇನು. ಎತ್ತಿಕೊಂಡು ಹೋದರಂತೆ. ಎಂ.ಆರ್.ಐ. ಮಾಡಿಸಿ ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದರು. ನಾನೂ ಹೋದೆ. ಡಾಕ್ಟರ್ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಇದಕ್ಕೆ ಎ.ವಿ.ಎನ್. ಅಂತಾರಮ್ಮ. ತೊಡೆ ಮೂಳೆಯ ತಲೆಗೆ ರಕ್ತ ಹೋಗ್ತಿಲ್ಲ. ಮೂಳೆ ಸತ್ತಿದೆ."

"ನಾನು ತುಳಿದೆ ಸಾರ್" ಅಂದೆ.

ಅವರು ನನ್ನ ಕಾಲು ನೋಡಿದರು. "ನೀವು ತುಳಿದಿದ್ದಕ್ಕೆ ಬಂದದ್ದಲ್ಲ. ಆದ್ರೆ ಆಗಲೇ ಕರ್ಕೊಂಡು ಬಂದಿದ್ರೆ ಮೂಳೆ ಉಳಿಸೋಕೆ ನೋಡಬಹುದಿತ್ತು."

ಮೊದಲನೇ ಮಾತು ಸಮಾಧಾನಕ್ಕೆ. ಎರಡನೇದೇ ನನ್ನ ಎದೆಯಲ್ಲಿ ನಿಂತಿದೆ.

ಆಪರೇಷನ್ ಮಾಡಿ ಬೇರೆ ಕೀಲು ಹಾಕಿದರು. ಮೂವತ್ತು ವರ್ಷದ ಗಂಡಸಿಗೆ ನಾನು ಬೆಡ್‌ಪ್ಯಾನ್ ಇಟ್ಟೆ. ಮೊದಲ ದಿನ ಅವನು ಕಣ್ಣು ಮುಚ್ಚಿಕೊಂಡ. "ಹೆತ್ತೋಳ ಮುಂದೆ ಏನ್ಲಾ ನಾಚಿಕೆ, ಇವತ್ತು ಗೋಲ್ ಕೀಪರ್ ನಾನು ಕಣ್ಲಾ" ಅಂದೆ. ನರ್ಸಮ್ಮ ನಕ್ಕಳು. ಅವನಿಗೂ ನಗು ಬಂತು, ಆಮೇಲೆ ನೋವು ಬಂತು.

ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟ ದಿನ ಡಾಕ್ಟರನ್ನು ಕೇಳಿದ. "ಸರ್, ಗೋಲಿಗೆ ನಿಂತ್ಕೊಳ್ಳೋದು?"

"ನಡೀಬಹುದು. ಸೈಕಲ್ ಹೊಡೀಬಹುದು. ಮಂಡಿ ಊರಿ ಬೀಳೋ ಆಟ ಇನ್ನು ಇಲ್ಲ. ಕುಕ್ಕರಗಾಲಲ್ಲೂ ಕೂರಬೇಡ."

ಅವನಿಗೆ ಗೋಡೆ ಕಡೆ ತಿರುಗಿ ಮಲಗಬೇಕಿತ್ತು. ಆ ಕಾಲಲ್ಲಿ ತಿರುಗೋಕೂ ಆಗದು. ಮುಖದ ಮೇಲೆ ಟವಲ್ ಹಾಕಿಕೊಂಡ.

ಊರಿಗೆ ಬಂದ ಮೇಲೆ ಉಳುಕಿನವರು ಮತ್ತೆ ಬಂದರು. ಈಗ ನಾನು ಮೊದಲು ಚಕ್ಕಳಮಕ್ಕಳ ಹಾಕಿ ಕೂರು ಅನ್ನುತ್ತೇನೆ. ಕೂರೋಕೆ ಆಗದವರನ್ನು ತುಳಿಯೋದಿಲ್ಲ. ಆಸ್ಪತ್ರೆಗೆ ಬಸ್ಸು ಹತ್ತಿಸುತ್ತೇನೆ.

ಮಗನ ನೌಕರಿ ಹೋಗಲಿಲ್ಲ. ಸ್ಟೋರಿನಲ್ಲಿ ಕೂರುವ ಕೆಲಸ ಕೊಡುತ್ತಾರಂತೆ. ಅಷ್ಟಾದರೂ ಆಯಿತಲ್ಲ. ಆದರೆ ಮನೆಯಲ್ಲಿ ಫೋನ್ ನೋಡುತ್ತಾ ಕೂತಾಗ ಅವನ ಬೆರಳು ತಾವಾಗಿಯೇ ಮುಚ್ಚಿ ಬಿಚ್ಚುತ್ತಿದ್ದವು. ಆಟ ನೋಡುತ್ತಿದ್ದಾನೆ ಅಂತ ಗೊತ್ತಾಗುತ್ತಿತ್ತು. ನಾನು ಒಲೆ ಕಡೆ ತಿರುಗಿಕೊಳ್ಳುತ್ತಿದ್ದೆ.

ಅವನು ಕುಕ್ಕರಗಾಲಲ್ಲಿ ಕೂರುವಂತಿಲ್ಲ ಅಂತ ಹಿತ್ತಿಲಲ್ಲಿ ಕಮೋಡ್ ಇಡೋಕೆ ಒಂದು ಕೋಣೆ ಕಟ್ಟಿಸಿದೆ. ಗಾರೆ ಕೆಲಸದ ಓಬಳಪ್ಪ ಪಾವಗಡದವನು, ಮಾತಿಗೆ ತೆಲುಗು ಬೆರೆಸುತ್ತಾನೆ. ಗೋಡೆ ಎದೆಮಟ್ಟ ಬಂದಾಗ ಹಲಗೆ ಹತ್ತಿದ. ಆಳು ಬಂದಿರಲಿಲ್ಲ. ಇಟ್ಟಿಗೆ ಎಸೆಯೋಕೆ ನಾನು ನಿಂತೆ.

"ಏಮ್ರಾ ಸೋಲ್ಜರೂ, ಕುರ್ಚೀಲಿ ಕೂತು ನಂಗೇ ಸೂಪರ್‌ವೈಸರ್ ಆಗ್ಬುಟ್ಯಾ?" ಅಂದ ಓಬಳಪ್ಪ.

ತಿಪ್ಪೇಶ ಕುರ್ಚಿಯನ್ನು ಗೋಡೆ ಹತ್ತಿರಕ್ಕೆ ಎಳೆಸಿಕೊಂಡ. "ಇಲ್ಲಿಗೆ ಎಸಿಯವ್ವ. ನಾನು ಅವ್ನಿಗೆ ಕೊಡ್ತೀನಿ."

"ಸುಮ್ಕಿರ್ಲಾ."

"ಆಪ್ರೇಸನ್ ಆಗಿರೋದು ಕಾಲಿಗೆ. ಕೈಗಲ್ಲ."

ಮೆತ್ತಗೆ ಒಂದು ಎಸೆದೆ. "ಕೂಸಿಗೆ ಎಸೀತಿದ್ದೀಯ?" ಅಂದ. ಆಮೇಲೆ ಮೊದಲಿನ ಹಂಗೇ ಎಸೆದೆ. ಎಂಟು ಹತ್ತು ಆದ ಮೇಲೆ ಒಂದನ್ನು ಬೇಕಂತಲೇ ಎಡಕ್ಕೆ ಬಿಟ್ಟೆ. ಅವನು ನನ್ನ ಕೈ ನೋಡಲಿಲ್ಲ. ಕುರ್ಚಿಯಿಂದ ಅಲುಗಲೂ ಇಲ್ಲ. ಎಡಗೈ ಒಂದೇ ಹೋಗಿ ಇಟ್ಟಿಗೆ ತಂದಿತು.

ಗಾರೆ ಮೆತ್ತುತ್ತಿದ್ದ ಓಬಳಪ್ಪನ ಕರಣೆ ನಿಂತಿತು.

ಐಸಿನ ಮೇಲೆ ಅವನು ನಿಂತದ್ದನ್ನು ನಾನು ನೋಡಲಿಲ್ಲ. ಇನ್ನು ನೋಡುವುದೂ ಇಲ್ಲ. ಆಸೆ ಹೋಗಿಲ್ಲ, ಸ್ವೆಟರ್ ಟ್ರಂಕಿನಲ್ಲೇ ಇದೆ. ಅವತ್ತು ಬಿಸಿಲಲ್ಲಿ ನಿಂತು ಒಂದು ಎಡಕ್ಕೆ, ಒಂದು ಬಲಕ್ಕೆ ಎಸೆದೆ. ಅವನು ಒಂದನ್ನೂ ಬಿಡಲಿಲ್ಲ.

"ಮುಗಿದ್ವಾ?" ಅಂದ. ಕೈ ಇನ್ನೂ ಮುಂದೆ ಹಿಡಿದೇ ಇದ್ದ.

"ಮುಗಿದ್ವು" ಅಂದೆ. ಬೆನ್ನ ಹಿಂದೆ ಒಂದನ್ನು ಇಟ್ಟುಕೊಂಡಿದ್ದೆ. ಅದನ್ನೂ ಎಸೆದೆ.