ಖಾಲಿಯಾಗದ ಟ್ರೇ

ನಿಘಂಟು ಕಚೇರಿಯಲ್ಲಿ ಎಲ್ಲರೂ ಅವಳನ್ನು ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಹದಿನೇಳು ವರ್ಷದಿಂದ ಅವಳ ಕೆಲಸ ಒಂದೇ: ಒಂದು ಇಂಗ್ಲಿಷ್ ಪದ ಹಿಡಿಯುವುದು, ಅದು ಎಲ್ಲೆಲ್ಲಿ ಯಾವ ಅರ್ಥದಲ್ಲಿ ಬಂದಿದೆ ಎಂದು ಚೀಟಿಗಳಲ್ಲಿ ಬರೆದಿಡುವುದು, ಕೊನೆಗೆ ಅದಕ್ಕೆ ನಮ್ಮ ಮಾತಿನಲ್ಲಿ ಅರ್ಥ ಕೂರಿಸುವುದು. ಕಿಟಕಿಗೆ ಅಡ್ಡವಾಗಿ ಕಬ್ಬಿಣದ ಬೀರುಗಳು ನಿಂತಿದ್ದ ಆ ಕೋಣೆಯಲ್ಲಿ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟೇ ಗತಿ.

ಅಲ್ಲಿಗೊಂದು ಕಟ್ಟಳೆ. ಟ್ರೇಯಲ್ಲಿ ಮುಗಿಯದ ಪದ ಒಂದೇ ಒಂದಿದ್ದರೂ ಯಾರನ್ನೂ ಕೆಲಸದಿಂದ ಬಿಡುಗಡೆ ಮಾಡುವಂತಿಲ್ಲ. ಚೀಟಿಯಕ್ಕನ ಗಂಡ ಏಳು ಗಂಟೆಯ ಬಸ್ ಪ್ರಯಾಣದಾಚೆ ಕಾಗದದ ಕಾರ್ಖಾನೆಯಲ್ಲಿ ಫೋರ್‌ಮನ್. ಮಗಳು ಅಪ್ಪನ ಜೊತೆ. ನಾಲ್ಕು ವರ್ಷ ಶನಿವಾರದ ಬಸ್ಸು ಹಿಡಿದು ಹಿಡಿದು ಇವಳ ಸೊಂಟ ಬಿದ್ದುಹೋಗಿತ್ತು. ಈಗ ಮಗಳ ಶಾಲೆಯಲ್ಲೇ ಲೈಬ್ರರಿ ಕೆಲಸ ಸಿಕ್ಕಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಬಿಡುಗಡೆ ಪತ್ರ ಹಿಡಿದು ಹಾಜರಾಗದಿದ್ದರೆ ಅದು ಪಟ್ಟಿಯಲ್ಲಿದ್ದ ಮುಂದಿನವರ ಪಾಲು.

ಟ್ರೇಯಲ್ಲಿ ಉಳಿದದ್ದು ಒಂದೇ ಪದ: ಸೂನ್.

'ಬೇಗ, ಸದ್ಯದಲ್ಲೇ' ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಬೇರೆಯವರಾದರೆ ಅದನ್ನೇ ಮಾಡುತ್ತಿದ್ದರು. ಇವಳೋ ಬೇರು ಕೆದಕುವ ಪೈಕಿ. ಸಾವಿರ ವರ್ಷದ ಹಿಂದೆ ಆ ಪದಕ್ಕೆ 'ಈ ಕ್ಷಣವೇ' ಎಂದರ್ಥವಿತ್ತು. ಆದರೆ ಈ ಕ್ಷಣ ಬಂದೆ ಎಂದವರು ಎಂದಾದರೂ ಆ ಕ್ಷಣ ಬಂದದ್ದುಂಟೇ? ಜನ ಹೇಳುತ್ತಾ ಹೋದರು, ತಡಮಾಡುತ್ತಾ ಹೋದರು. ಪದ ಸವೆದು 'ಸ್ವಲ್ಪ ಹೊತ್ತಿನಲ್ಲಿ' ಎಂಬಲ್ಲಿಗೆ ಬಂದು ನಿಂತಿತು. ಅದೇ ಬೇರಿನ ಸೂನರ್, 'ಅದಕ್ಕಿಂತ ಇದೇ ವಾಸಿ' ಎನ್ನಬೇಕಾದಲ್ಲೂ ಬರುತ್ತದೆ. ಅದನ್ನೂ ಬರೆದಳು. ಅರ್ಥ ಸಡಿಲವಾದ ಕಾಲವನ್ನು ನಮೂದಿಸಿ ಮೂರು ಗಂಟೆಗೆ ಸಂಪಾದಕರ ಮುಂದಿಟ್ಟಳು.

ಈ ಸಂಪಾದಕರು ಮೂರು ವರ್ಷದಿಂದ "ಇನ್ನೊಂದು ಪದ ಮುಗಿಸಿಬಿಡಮ್ಮ" ಎನ್ನುತ್ತಲೇ ಅವಳನ್ನು ಕಟ್ಟಿಹಾಕಿದವರು. ಅಂದು ಮಾತ್ರ ತಕರಾರಿಲ್ಲದೆ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು.

"ಹೋಗಿ ಬಾಮ್ಮ. ನಿನ್ನ ಜಾಗಕ್ಕೆ ಯಾರನ್ನ ತರೋದು ಅನ್ನೋದೇ ನಂಗೀಗ ತಲೆನೋವು."

ಪತ್ರವನ್ನು ಬ್ಯಾಗಿಗೆ ಹಾಕಿಕೊಂಡು ಡ್ರಾಯರ್ ಖಾಲಿಮಾಡುತ್ತಿದ್ದಾಗ ತಳಕ್ಕೆ ಅಂಟಿದ್ದ ಚೀಟಿಯೊಂದು ಕೈಗೆ ಬಂತು. ಅವಳದೇ ಅಕ್ಷರ. ಯಾವುದೋ ಹಳೆಯ ಪತ್ರದಿಂದ ಎತ್ತಿಕೊಂಡ ಸಾಲು. ಅದರ ಪ್ರಕಾರ ಅವಳು ನಮೂದಿಸಿದ್ದಕ್ಕಿಂತ ನೂರು ವರ್ಷ ಮೊದಲೇ ಸೂನ್ ಸಡಿಲವಾಗಿತ್ತು. ಮೂಲ ತೆಗೆಸಿ, ತಾಳೆ ನೋಡಿ, ಎಲ್ಲ ತಿದ್ದಿ ಬರೆಯಲು ಎರಡು ದಿನವಾದರೂ ಬೇಕು.

ಹರಿದು ಬಿಸಾಕಿದ್ದರೆ ಕೇಳುವವರೇ ಇರಲಿಲ್ಲ. ಇಂಥವಳಿಗೆ ಏನೆನ್ನೋಣ? ಚೀಟಿ ಹಿಡಿದುಕೊಂಡು ಅರ್ಧ ಗಂಟೆ ಕೂತಳು. ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಹೋದಳು, ತಿರುಗಿ ಬಂದಳು. ಅವಳಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಆಮೇಲೆ ಸಂಪಾದಕರ ಮೇಜಿನ ಮೇಲೆ ಚೀಟಿಯನ್ನಿಟ್ಟು, ಪಕ್ಕದಲ್ಲಿ ಬಿಡುಗಡೆ ಪತ್ರವನ್ನೂ ಇಟ್ಟಳು.

"ಅಯ್ಯೋ, ಇದನ್ನ ಬೇರೆಯವ್ರು ನೋಡ್ಕೋತಾರೆ. ನೀನು ಬಸ್ ಹಿಡಿ," ಎಂದರು ಅವರು.

"ಬೇರೆಯವ್ರು ಮೂಲ ತೆಗೆದು ನೋಡಲ್ಲ ಸಾರ್. ತಪ್ಪೇ ಅಚ್ಚಾಗುತ್ತೆ."

ಸಂಪಾದಕರು ಕನ್ನಡಕ ತೆಗೆದು ಒರೆಸಿಕೊಂಡರು. ಚೀಟಿಯನ್ನೆತ್ತಿ ಅವಳ ಟ್ರೇಗೆ ಹಾಕಿದರು.

ಆರು ಗಂಟೆಗೆ ಗಂಡನ ಫೋನು ಬಂತು.

"ಬಸ್ ಹತ್ತಿದ್ಯಾ? ಮಗಳು ನಿಂಗೆ ಅಂತ ತನ್ನ ಕಪಾಟು ಅರ್ಧ ಖಾಲಿ ಮಾಡಿ ಕೂತಿದಾಳೆ."

"ಇಲ್ಲ ರೀ."

"ಮತ್ತೆ ತಡೆದ್ರಾ ಆ ಮಹಾನುಭಾವ್ರು? ಕೊಡು ಫೋನು, ಇವತ್ತು ನಾನೇ ಮಾತಾಡ್ತೀನಿ."

ಹೂಂ ಎಂದುಬಿಟ್ಟಿದ್ದರೆ ಅವನು ನಂಬುತ್ತಿದ್ದ.

"ಅವರು ಬಿಟ್ಟಿದ್ರು ರೀ," ಎಂದಳು.

ಗಂಡನ ಹಿಂದಿನಿಂದ ಮಗಳು, "ಅಮ್ಮ ಎಷ್ಟೊತ್ತಿಗೆ ಬರ್ತಾಳಂತೆ?" ಎಂದು ಕೇಳಿದ್ದು ಚೀಟಿಯಕ್ಕನಿಗೆ ಸ್ಪಷ್ಟವಾಗಿ ಕೇಳಿಸಿತು. ಮಗಳು ಇನ್ನೊಂದು ಸಲ ಕೇಳಿದಳು.