ಕೊನೆಯ ಕಾಜಾದ ಹಸಿರು ದಾರ

ಕೊಲ್ಲೂರಿನ ದೇವಸ್ಥಾನದ ಬಳಿಯ ಆ ಬಟ್ಟೆ ಅಂಗಡಿಯಲ್ಲಿ ನನ್ನ ಹೆಂಡತಿಯ ಅಣ್ಣ ಅಂಗಿಯೊಂದನ್ನು ಎತ್ತಿ ಹಿಡಿದ ರೀತಿಯನ್ನು ನಾನಿನ್ನೂ ಮರೆತಿಲ್ಲ.

ಆಗ ನಾನು ಒಂದು ಪುಟ್ಟ ದ್ವೀಪದೇಶದ ಅಂಗಿ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದೆ. ರಜೆಗೆ ಬಂದಾಗಲೆಲ್ಲ, ನಮ್ಮ ಅಂಗಿಗಳು ಯುರೋಪಿಗಲ್ಲದೆ ಬೇರೆಲ್ಲಿಗೂ ಹೋಗುವುದಿಲ್ಲವೆಂದು ಹೇಳಿಕೊಳ್ಳುತ್ತಿದ್ದೆ. ಆ ಸಲ ಬೀಜಾಡಿಯಲ್ಲಿರುವ ತಂಗಿಯ ಮಗಳನ್ನೂ ಹೊಲಿಗೆ ಕೆಲಸಕ್ಕೆ ಕರೆದೊಯ್ಯುವುದು ನಿಶ್ಚಯವಾಗಿತ್ತು. ಅವಳು ಕುಂದಾಪುರದ ಟೈಲರ್ ಅಂಗಡಿಯ ಕೆಲಸ ಬಿಟ್ಟಾಗಿತ್ತು. ಹೊರಡುವ ಮುನ್ನ ದೇವಿಗೆ ಕೈಮುಗಿಯಲೆಂದು ಮೂವರೂ ಭಾವನ ಜೀಪಿನಲ್ಲಿ ಹೋಗಿದ್ದೆವು.

“ಹ್ವಾಯ್ ಭಾವಯ್ಯ, ಇಲ್ಲ್ ಕಾಣಿ! ನಿಮ್ಮ್ ಯುರೋಪಿನ್ ಅಂಗಿ ನಿಮ್ಕಿಂತ ಮೊದ್ಲೇ ಅಮ್ಮನ್ ದರ್ಶನಕ್ಕ್ ಬಂದಿತ್ತಲೆ!”

ಕಾಲರಿನ ಒಳಗಿನ ಕಂಪನಿಯ ಹೆಸರಿನ ಪಟ್ಟಿಯನ್ನು ಕಿತ್ತಿದ್ದರು. ಕೊನೆಯ ಕಾಜಾದ, ಅಂದರೆ ಗುಂಡಿ ತೂರಿಸುವ ತೂತಿನ, ಸುತ್ತ ಹೊಲಿದ ಹಸಿರು ದಾರ ಮಾತ್ರ ಹಾಗೆಯೇ ಇತ್ತು. ಅಂಥದೇ ಒಂದು ಅಂಗಿಯನ್ನು ಭಾವನಿಗೆ ಉಡುಗೊರೆ ಕೊಟ್ಟು, ಆ ದಾರವೇ ನಮ್ಮ ಗುರುತೆಂದು ಬೀಗಿದವನು ನಾನೇ.

ದ್ವೀಪದಲ್ಲಿ ಬಟ್ಟೆ, ಗುಂಡಿ, ದಾರ ಎಲ್ಲವೂ ಸಮುದ್ರ ದಾಟಿ ಬರಬೇಕು. ಆ ಹಸಿರು ದಾರ ತಡವಾಗಿ ಬಂತು, ಅಂಗಿಗಳಿಗೆ ಹಡಗು ತಪ್ಪಿತು, ಬೇಸಿಗೆಯ ಮಾಲು ಚಳಿಗಾಲಕ್ಕೆ ಬೇಡವೆಂದು ಖರೀದಿದಾರರು ಕೈತೊಳೆದುಕೊಂಡರು. ಯುರೋಪಿನವರು ದೊಡ್ಡ ದೇಶಗಳ ಆಮದಿಗೆ ಹಾಕಿದ್ದ ಮಿತಿ ಎದ್ದುಹೋದ ಮೇಲೆ ಆ ದೇಶಗಳ ಅಗ್ಗದ ಅಂಗಿಗಳು ಅವರಿಗೆ ಧಾರಾಳವಾಗಿ ಸಿಗುತ್ತಿದ್ದವು. ನಮಗಾಗಿ ಕಾಯುವ ದರ್ದು ಯಾರಿಗಿತ್ತು? ಉಳಿದ ಮಾಲನ್ನು ಕಾರ್ಖಾನೆಯವರು ಮುಂಬಯಿಯ ವ್ಯಾಪಾರಿಗಳಿಗೆ ರಾಶಿಯಾಗಿ ಮಾರಿದ್ದು ಗೊತ್ತಿತ್ತು. ಅದು ಮುಂಬಯಿಯಿಂದ ಇಲ್ಲಿಗೇ ಬಂದೀತೆಂದು ಎಣಿಸಿರಲಿಲ್ಲ.

ಇಷ್ಟನ್ನೂ ನಾನು ಅಲ್ಲೇ ನಿಂತು ವಿವರಿಸಿದೆ. ಭಾವನದು ಹೋಟೆಲ್ ವ್ಯವಹಾರ; ಕೇಳಿ ನಕ್ಕುಬಿಟ್ಟ.

“ಎಂತ ಮಾರಾಯ್ರೆ, ಒಂದ್ ನೂಲಿಗೆ ಹಡ್ಗ್ ಕಾಯುದಾ? ನನ್ನ್ ಹೋಟ್ಲಂಗೆ ಉಪ್ಪ್ ಮುಗ್ದ್ರೆ ಪಕ್ಕದ್ ಅಂಗ್ಡಿಯಂಗೆ ಸಿಕ್ಕತ್ತ್!”

ಅಂಗಡಿಯವನೂ ನಕ್ಕ. ಆ ನಗೆಯನ್ನೂ ನಾನು ಮರೆತಿಲ್ಲ.

ತಂಗಿಯ ಮಗಳು ಮೆಲ್ಲಗೆ ಕೇಳಿದಳು: “ಮಾವ, ಅಲ್ಲ್ ನಂಗೆ ಕೆಲ್ಸ ಇತ್ತಲೆ?”

ಇದೆ ಎನ್ನಲು ಬಾಯಿ ತೆರೆದೆ. ಅವಳ ಬೆರಳು ಆ ಹಸಿರು ಕಾಜಾದ ಮೇಲಿತ್ತು.

“ಈಗ ಬ್ಯಾಡ ಮಗಾ. ನಾನ್ ಮೊದ್ಲ್ ಹೋಯಿ ಕಾಂತೆ.”

ಅವಳು ಅಂಗಿಯನ್ನು ನೀಟಾಗಿ ಮಡಚಿ ರಾಶಿಯ ಮೇಲಿಟ್ಟಳು. “ಹೊಲ್ಗಿ ಲಾಯ್ಕಿತ್ತ್ ಮಾವ,” ಎಂದು ಮೆಚ್ಚಿದಳು.

 ನಾನು ತಲೆ ತಗ್ಗಿಸಿ ದರ್ಶನದ ಸಾಲಿಗೆ ಸೇರಿಕೊಂಡೆ.

ನಾನು ಒಬ್ಬನೇ ದ್ವೀಪಕ್ಕೆ ಮರಳಿದೆ. ಕೆಲವೇ ತಿಂಗಳಲ್ಲಿ ಕಾರ್ಖಾನೆ ಮುಚ್ಚಿತು. ತಂಗಿಯ ಮಗಳು ಹಳೆಯ ಟೈಲರ್ ಅಂಗಡಿಗೇ ಹೋದಳಂತೆ. ಅವಳ ಮೆಷಿನ್ನಿನ ಮುಂದೆ ಆಗಲೇ ಬೇರೊಬ್ಬಳು ಕೂತಿದ್ದಳು. ಇವಳಿಗೆ ನೆಲದ ಮೇಲೆ ಕೂತು ಕೈಯಲ್ಲಿ ಕಾಜಾ ಹಾಕುವ ಕೆಲಸ ಕೊಟ್ಟರು.